ಹಸಿ ನೆಲ

ಮೂರನೇ ಸಾಲಿನ ನಾಲ್ಕನೇ ಟೈಲು ಓರೆಯಾಗಿದೆ, ಒಂದು ಕೂದಲೆಳೆಯಷ್ಟೇ, ಆದರೂ ಓರೆ ಓರೆಯೇ, ಯಾವ ಪುಣ್ಯಾತ್ಮ ಹಾಕಿದನೋ, ಆಪರೇಷನ್ ಕೋಣೆಯಲ್ಲಿ ಮಲಗಿದವರಿಗೆ ಈ ಗೋಡೆ ಬಿಟ್ಟರೆ ನೋಡಲು ಬೇರೇನಿದೆ, ಅಷ್ಟಾದರೂ ಯೋಚಿಸಬೇಡವೇ ಅವನು — ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದಿಂದ ಕೆಳಗೆ ನಾನಿಲ್ಲ, ಹಸಿರು ಬಟ್ಟೆಯ ಆಚೆ ಯಾರದೋ ಬಲಗಾಲು ಇದೆ, ಡಾಕ್ಟರು ಅದರ ಮೇಲೆ ಬಗ್ಗಿದ್ದಾರೆ, ನನ್ನ ಪಾಲಿಗೆ ಬರೀ ಸದ್ದು. ಈಗ ಕೆರೆಯುವ ಸದ್ದು, ಈಗ ಡ್ರಿಲ್ಲು, ಈಗ ಸುತ್ತಿಗೆ, ಟಕ್, ಟಕ್, ಕೆಲಸ ಬಲ್ಲವನ ಏಟು ಇದು, ಮಣಿಕಟ್ಟಿನಿಂದ ಬೀಳುತ್ತದೆ, ಭುಜದಿಂದಲ್ಲ, ಮೂವತ್ತೊಂದು ವರ್ಷ ನಾನೂ ಹೀಗೇ ರಬ್ಬರ್ ಸುತ್ತಿಗೆಯಲ್ಲಿ ಟೈಲು ತಟ್ಟಿ ಕೂರಿಸಿದವನು, ಕಿವಿಗೆ ಗೊತ್ತಾಗುತ್ತದೆ. ಹೋದ ವಾರ ಕಾಗದದ ಮೇಲೆ ಪಾದದ ಚಿತ್ರ ಬರೆದು ತೋರಿಸಿದ್ದರು, ನಿಮ್ಮ ಪಾದದ ಕೀಲು ಪೂರ್ತಿ ಸವೆದು ಹೋಗಿದೆ, ಮೂಳೆಗೆ ಮೂಳೆ ತಿಕ್ತಾ ಇದೆ, ಎರಡನ್ನೂ ಕೆರೆದು ಒಂದಕ್ಕೊಂದು ಒತ್ತಿ ಸ್ಕ್ರೂ ಹಾಕಿಬಿಡ್ತೀವಿ, ಕೂಡಿಕೊಂಡು ಒಂದೇ ಮೂಳೆ ಆಗತ್ತೆ, ನೋವೂ ಹೋಗತ್ತೆ, ಅಲುಗಾಟಾನೂ ಹೋಗತ್ತೆ, ಇನ್ಮೇಲೆ ಕುಕ್ಕರುಗಾಲಲ್ಲಿ ಕೂರೋದು ಮರೆತುಬಿಡಿ ಅಂದರು. ನೆಲಕ್ಕೆ ಟೈಲು ಹಾಕುವವನಿಗೆ ಆ ಮಾತು. ಹಾಗಾದ್ರೆ ಉಣ್ಣೋದೂ ಮರೀಬೇಕಾ ಡಾಕ್ಟ್ರೇ ಅಂದೆ, ಅವರು ನಕ್ಕರು, ಪಕ್ಕದಲ್ಲಿ ಕೂತಿದ್ದ ಮಗಳು ನಗಲಿಲ್ಲ. ಈಗ ಬಟ್ಟೆಯ ಆಚೆಗೆ ಕೂಗಿ ಹೇಳುತ್ತೇನೆ, ಮೂಲೆಮಟ್ಟ ಇಟ್ಟು ನೋಡಿ ಡಾಕ್ಟ್ರೇ, ಒಂದ್ಸಲ ಕೂತ್ರೆ ಆಮೇಲೆ ಸರಿಮಾಡಕ್ಕಾಗಲ್ಲ, ಅವರು ತಲೆ ಎತ್ತದೆಯೇ ಅನ್ನುತ್ತಾರೆ, ನೀವು ಕೆಲಸ ಮಾಡೋವಾಗ ಮನೆಯವರು ಹೀಗೇ ಮೂಗು ತೂರಿಸ್ತಿದ್ರಾ. ತೂರಿಸುತ್ತಿದ್ದರು, ಎಲ್ಲರೂ ತೂರಿಸುತ್ತಿದ್ದರು, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು, ಅವಳು ನನ್ನ ಕೆಲಸ ನೋಡಲು ಬಂದದ್ದೇ ಒಂದು ಸಲ, ಮದುವೆಯಾದ ಹೊಸತರಲ್ಲಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಟೈಲಿನ ಮೇಲೆ ನಡೆದು, ಅಯ್ಯೋ ಎಷ್ಟು ತಣ್ಣಗಿದೆ ಅಂದಳು, ನಾನು ಇಡೀ ದಿನ ಆ ಮಾತಿನ ಮೇಲೆಯೇ ಕೆಲಸ ಮಾಡಿದೆ. ಅವಳು ಹೋಗಿ ಎರಡು ವರ್ಷವಾಯಿತು.

ಟಕ್ ಅಂದರೆ ಈಗ ಗೋಡೆ ಗಡಿಯಾರ, ನಮ್ಮ ಮನೆಯದು, ಕಾಲು ಮೂರು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿರಬೇಕಂತೆ, ಯಾವ ಜನ್ಮದಲ್ಲೂ ಸಿಗದ ಮರ್ಯಾದೆ ಈ ಕಾಲಿಗೆ ಈಗ ಸಿಕ್ಕಿದೆ. ಪ್ಲಾಸ್ಟರಿನೊಳಗೆ ಬೆಂಕಿ, ಆಮೇಲೆ ಬೆಂಕಿ ಹೋಗಿ ತುರಿಕೆ, ಬೆಂಕಿಯೇ ವಾಸಿಯಿತ್ತು. ಆರು ವಾರ ನೆಲಕ್ಕೆ ಕಾಲು ತಾಗಿಸಕೂಡದು, ಮೂಳೆ ಕೂಡಿಕೊಳ್ಳೋವರೆಗೂ ಒಂದು ಹೆಜ್ಜೆ ಇಟ್ರೂ ಮಾಡಿದ್ದೆಲ್ಲ ಹಾಳು ಅಂದಿದ್ದಾರೆ ಡಾಕ್ಟರು, ನನಗೇ ಹೇಳುತ್ತಾರೆ, ಎಷ್ಟು ಮನೆಗಳ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದವನು ನಾನು, ಹಸಿ ಇದೆ, ನಾಳೆವರೆಗೂ ಯಾರೂ ತುಳೀಬೇಡಿ, ಬೆಕ್ಕನ್ನೂ ಒಳಗೆ ಬಿಡಬೇಡಿ. ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಹೋಗುವ ಮುಂಚೆ ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಸ್ಟೂಲಿನ ಮೇಲೆ ಕೂರಿಸಿ, ಬೆನ್ನಿಗೆ ನೀರು ಹಾಕುತ್ತಾಳೆ, ನಾಚ್ಕೋಬೇಡಪ್ಪ, ನೀನು ನಂಗೆ ಮಾಡಿಲ್ವಾ ಅನ್ನುತ್ತಾಳೆ, ಮಾಡಿದ್ದು ನಿಮ್ಮಮ್ಮ ಕಣೇ, ನಾನು ಟವೆಲ್ ಹಿಡ್ಕೊಂಡು ನಿಂತಿರ್ತಿದ್ದೆ ಅಷ್ಟೆ. ಸಾಬೂನು ಕಣ್ಣಿಗೆ ಹೋದರೆ ಒಳ್ಳೆಯದೇ, ಯಾವ ನೀರು ಯಾವುದು ಎಂದು ಅವಳಿಗೆ ತಿಳಿಯುವುದಿಲ್ಲ. ಮೇಲ್ಮನೆಯ ಅಜ್ಜಿ ನನ್ನನ್ನು ನೋಡಲು ಬಂದಾಗ ಮಗಳು ಬಾಗಿಲ ಹತ್ತಿರ ಹೇಳುತ್ತಿದ್ದಳು, ಪಾಪ ಅಪ್ಪನ ತಪ್ಪೇನಿದೆ ಅಜ್ಜಿ, ಕಿಟಕಿ ಹತ್ರ ಕೆಲಸ ಮಾಡ್ತಾ ಜಾರಿ ಬಿದ್ದಿದ್ರು, ಅಮ್ಮ ಫೋನ್ ಮಾಡೋ ಹೊತ್ತಿಗೆ ಅವರು ಕೆಳಗೆ ಬಿದ್ದಿದ್ರು, ಇಲ್ದಿದ್ರೆ ಎತ್ತದೇ ಇರ್ತಿದ್ರಾ. ನಾನು ಗೋಡೆಯ ಕಡೆ ತಿರುಗಿ ನಿದ್ದೆ ಬಂದವನ ಹಾಗೆ ಮಲಗಿದೆ. ಆ ಸುಳ್ಳು ನಾನೇ ಹೇಳಿದ್ದು, ಆಸ್ಪತ್ರೆಯ ಮಂಚದ ಮೇಲೆ, ಅವಳ ಅಮ್ಮ ಹೋದ ಸಂಜೆ, ಅವಳು ಕೇಳುವ ಮೊದಲೇ ಬಾಯಿಂದ ಬಂದುಬಿಟ್ಟಿತು, ಬಂದದ್ದನ್ನು ಆಮೇಲೆ ಒಳಕ್ಕೆಳೆದುಕೊಳ್ಳಲು ಆಗಲೇ ಇಲ್ಲ.

ಜಾರಿ ಬೀಳಲಿಲ್ಲ ನಾನು. ನಾಲ್ಕು ದಿನ ಕೆಲಸ ಕಲಿತವನೂ ಮಾಡದ ತಪ್ಪು ಮಾಡಿದೆ, ಅವತ್ತು ಆ ಹೊಸ ಮನೆಯ ಕೋಣೆಯಲ್ಲಿ ಬಾಗಿಲಿನಿಂದ ಶುರುಮಾಡಿದೆ. ನೆಲಕ್ಕೆ ಟೈಲು ಹಾಕುವವನು ದೂರದ ಗೋಡೆಯಿಂದ ಹಾಕುತ್ತಾ ಹಾಕುತ್ತಾ ಹಿಂದೆ ಸರಿದು ಬಾಗಿಲಿಗೆ ಬಂದು ಮುಗಿಸಬೇಕು, ಇಲ್ಲವಾದರೆ ಹಸಿ ನೆಲದ ಆಚೆ ತಾನೇ ಸೆರೆಯಾಗುತ್ತಾನೆ, ಇದು ಗೊತ್ತಿಲ್ಲದವನಿಗೆ ಕರಣೆಯನ್ನೇ ಕೊಡುವುದಿಲ್ಲ. ಹಜಾರದ ಗೆರೆಗೂ ಕೋಣೆಯ ಗೆರೆಗೂ ಹೊಂದಿಸಲು ಬಾಗಿಲಲ್ಲಿ ಒಂದೇ ಒಂದು ಸಾಲು ಹಾಕಿ ದೂರದ ಗೋಡೆಗೆ ಹೋಗೋಣ ಎಂದುಕೊಂಡವನು, ಒಂದು ಸಾಲು ಎರಡಾಗಿ, ಎರಡು ಐದಾಗಿ, ತಲೆ ಎಲ್ಲಿತ್ತು ನನ್ನದು — ಅವಳ ಹತ್ತಿರ ಇತ್ತು, ಬೆಳಿಗ್ಗೆ ನಾನು ಹೊರಡುವಾಗ ಎದೆ ಯಾಕೋ ಒಂಥರಾ ಹಿಡ್ಕೊಂಡಂಗಿದೆ ರೀ ಅಂದಿದ್ದಳು, ಗ್ಯಾಸು ಇರ್ಬೇಕು, ಬಿಸಿನೀರು ಕುಡಿ ಅಂದಿದ್ದೆ, ಚೀಲ ಹೆಗಲಿಗೆ ಹಾಕಿಕೊಂಡು, ತಿರುಗಿಯೂ ನೋಡದೆ. ಫೋನು ಬಾಗಿಲ ಹತ್ತಿರ ಹಜಾರದ ನೆಲದ ಮೇಲಿಟ್ಟಿದ್ದೆ. ಅದು ಹೊಡೆದುಕೊಂಡಾಗ ನಾನು ಐದನೇ ಸಾಲಿನಲ್ಲಿದ್ದೆ, ಸದ್ದು ಕಡಿಮೆ ಮಾಡಿಟ್ಟದ್ದರಿಂದ ಗರ್ ಗರ್ ಎಂದು ನಡುಗುತ್ತಾ ನುಣುಪು ನೆಲದ ಮೇಲೆ ತಾನೇ ತಿರುಗುತ್ತಿತ್ತು, ಮನೆ ಎಂಬ ಎರಡಕ್ಷರ ಬೆಳಗುತ್ತಿತ್ತು, ಅವಳ ಹೆಸರನ್ನು ನಾನು ಹಾಗೇ ಬರೆದಿಟ್ಟುಕೊಂಡಿದ್ದೆ. ಹಸಿ ಟೈಲಿನ ಮೇಲೆ ನಾಲ್ಕು ಹೆಜ್ಜೆ, ಹೆಚ್ಚೆಂದರೆ ಹತ್ತು ಟೈಲು ಕುಸಿಯುತ್ತಿದ್ದವು, ಕಿತ್ತು ಮತ್ತೆ ಹಾಕಲು ಒಂದು ಗಂಟೆ, ಒಂದೇ ಒಂದು ಗಂಟೆಯ ಕೆಲಸ. ಆಮೇಲೆ ಫೋನ್ ಮಾಡಿದರಾಯಿತು ಎಂದುಕೊಂಡೆ. ನಿಂತಿತು. ತಕ್ಷಣ ಎರಡನೇ ಸಲ ಹೊಡೆದುಕೊಂಡಿತು, ಏನೋ ತರೋಕೆ ಹೇಳ್ತಾಳೆ ಬಿಡು ಎಂದು ಟೈಲು ತಟ್ಟಿದೆ, ಮಟ್ಟ ನೋಡಿದೆ, ಮಟ್ಟ ಚೆನ್ನಾಗಿ ಕೂತಿತ್ತು. ಆಮೇಲೆ ಅರ್ಧ ಗಂಟೆ ಸುಮ್ಮನಿತ್ತು, ನೋಡಿದೆಯಾ, ಏನೂ ಇಲ್ಲ ಎಂದುಕೊಂಡು ಇನ್ನೂ ಎರಡು ಸಾಲು ಹಾಕಿದೆ, ಮೂರನೇ ಸಲ ಅದು ನಡುಗಿದಾಗ ಬೆಳಗಿನ ಮಾತು ಕಿವಿಗೆ ಬಿತ್ತು, ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನ ಕೇಳಿಸಿತು ನನಗೆ. ಆಗಲೂ ನೆಲ ತುಳಿಯಲಿಲ್ಲ, ನೋಡಿ ನನ್ನ ಹಾಳು ಅಭ್ಯಾಸವನ್ನು, ಕಿಟಕಿಗೆ ಇನ್ನೂ ಸರಳು ಕೂರಿಸಿರಲಿಲ್ಲ, ಮೊದಲ ಮಹಡಿ, ಕೆಳಗೆ ಮರಳಿನ ಗುಡ್ಡೆ, ಹಾರಿ ಮೆಟ್ಟಿಲು ಹತ್ತಿ ಬಾಗಿಲ ಕಡೆಯಿಂದ ಬರೋಣ ಎಂದು ಹಾರಿದೆ, ಎಡಗಾಲು ಮರಳಿಗೆ ಬಿತ್ತು, ಬಲಗಾಲು ಇಟ್ಟಿಗೆಯ ಅಂಚಿಗೆ. ಮರಳಿನಲ್ಲಿ ಬಿದ್ದುಕೊಂಡೇ ಕೇಳುತ್ತಿದ್ದೆ, ಮೇಲೆ ಖಾಲಿ ಮನೆಯಲ್ಲಿ ಅದು ನಡುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ನಡುಗುತ್ತಿತ್ತು, ಕರೆಯುತ್ತಿದ್ದಾಳೆ, ಬಿಡದೆ ಕರೆಯುತ್ತಿದ್ದಾಳೆ, ಬಂದೆ ಕಣೇ, ಬಂದೆ ಎಂದು ಕೂಗಿದೆ. ಎರಡು ವರ್ಷ ಈ ಕಾಲಿನ ಒಂದೊಂದು ಚುಚ್ಚಿಗೂ ಅದನ್ನೇ ಹೇಳಿಕೊಂಡಿದ್ದೇನೆ, ಎರಡು ಸಲ ಎತ್ತಲಿಲ್ಲ ನಿಜ, ಮೂರನೇ ಸಲ ಹಾರಿದೆ, ಅವಳು ಕರೆಯುತ್ತಿರುವಾಗ ಹಾರಿದೆ, ಕಾಲನ್ನೇ ಕೊಟ್ಟೆ. ಆ ಒಂದು ಮಾತಿನ ಮೇಲೆ ಬದುಕಿದ್ದೇನೆ ನಾನು.

ಇವತ್ತು ಹದಿಮೂರನೇ ವಾರ, ಪ್ಲಾಸ್ಟರ್ ಬಿಚ್ಚಿ ಆಗಿದೆ, ಆಮೇಲೆ ಹಾಕಿದ್ದ ದಪ್ಪ ಬೂಟೂ ಬೇಡವಂತೆ ಇನ್ನು, ಎಕ್ಸ್‌ರೇ ಫೋಟೋದಲ್ಲಿ ಮೂರು ಸ್ಕ್ರೂ ಬೆಳ್ಳಗೆ ಕಂಡವು, ಮೂಳೆ ಚೆನ್ನಾಗಿ ಕೂಡಿದೆ, ಸಂದೇ ಇಲ್ಲ ನೋಡಿ ಎಂದು ಡಾಕ್ಟರು ಬೀಗಿದರು. ಹೊಲಿಗೆಯ ಗುರುತು ನೇರವಾಗಿದೆ, ಮೀನಖಂಡ ಕರಗಿ ಹೋಗಿದೆ, ಬೇರೆ ಯಾರದೋ ಮುದುಕನ ಕಾಲು ನನಗೆ ಅಂಟಿಸಿದ್ದಾರೆ. ನೋವಿಲ್ಲ. ಇಷ್ಟು ದಿನ ಚುಚ್ಚಿ ಚುಚ್ಚಿ ನೀನು ಹಾರಿದೆ, ಹಾರಿದೆ ಎಂದು ಸಾಕ್ಷಿ ಹೇಳುತ್ತಿದ್ದದ್ದು ಈಗ ಬಾಯಿ ಮುಚ್ಚಿಕೊಂಡಿದೆ, ನೋವು ಹೋದರೆ ಹಗುರವಾಗುತ್ತದೆ ಎಂದಿದ್ದರು ಎಲ್ಲರೂ, ನನಗೆ ಕೈ ಖಾಲಿಯಾದ ಹಾಗಿದೆ. ಮಗಳು ರಜೆ ಹಾಕಿ ಮನೆ ಒರೆಸುತ್ತಿದ್ದಾಳೆ, ಕುಕ್ಕರುಗಾಲಲ್ಲಿ ಕೂತು, ಬಾಗಿಲಿನಿಂದ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ, ತಪ್ಪು ಕಡೆಯಿಂದ ಶುರುಮಾಡಿದ್ದಾಳೆ ಪೆದ್ದಿ, ಆ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ, ನಾನು ಊರುಗೋಲು ಗೋಡೆಗೆ ಒರಗಿಸಿ ಎದ್ದೆ. ಹಸಿ ಇದೆ ಅಪ್ಪ, ತುಳೀಬೇಡ, ಜಾರ್ತೀಯ ಅಂದಳು. ತುಳಿದೆ. ಒಂದು ಹೆಜ್ಜೆ, ಪಾದ ಬಗ್ಗುವುದಿಲ್ಲ, ಹಲಗೆ ಇಟ್ಟ ಹಾಗೆ ಬೀಳುತ್ತದೆ, ಎರಡು, ಮೂರು, ನಾಲ್ಕು. ನಾಲ್ಕೇ ಹೆಜ್ಜೆ, ಇಷ್ಟೇ ದೂರವಿತ್ತು ಅವತ್ತೂ. ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ, ಜಾರಿ ಬೀಳಲಿಲ್ಲ ಪುಟ್ಟಿ, ಫೋನ್ ಬಂದಾಗ ಕೋಣೆಯೊಳಗೇ ಇದ್ದೆ, ನೋಡಿದೆ, ನಿಮ್ಮಮ್ಮ ಅಂತ ಗೊತ್ತಿತ್ತು, ನೆಲ ಹಾಳಾಗತ್ತೆ ಅಂತ ಎತ್ತಲಿಲ್ಲ. ಬೈಯಲಿ, ಬಟ್ಟೆ ಎಸೆದು ಎದ್ದು ಹೋಗಲಿ ಎಂದು ಕಾದೆ, ಅವಳು ಬಟ್ಟೆ ಹಿಂಡುತ್ತಲೇ ಇದ್ದಳು, ನೀರು ಮುಗಿದ ಮೇಲೂ ಹಿಂಡುತ್ತಿದ್ದಳು. ಎಷ್ಟ್ ಸಲ ಬಂತಪ್ಪ ಅಂದಳು. ಎರಡು ಸಲ ಬಿಟ್ಟೆ ಕಣೇ, ಮೂರನೇ ಸಲ ಬಂದಾಗ ತಡೀಲಿಲ್ಲ, ಕಿಟಕಿಯಿಂದ ಹಾರಿಬಿಟ್ಟೆ, ನಿಮ್ಮಮ್ಮ ಕರೀತಿದಾಳೆ ಅಂತ ಹಾರಿದೆ. ಅವಳು ತಲೆ ಎತ್ತಿದಳು, ಅಮ್ಮನದೇ ಕಣ್ಣು, ಮಾತು ಮಾತ್ರ ಸಣ್ಣ ಹುಡುಗಿಯದು. ಮೂರನೇದು ಅಮ್ಮ ಅಲ್ಲಪ್ಪ. ಊಟಕ್ಕೆ ಅಂತ ಅಂಗಡಿಯಿಂದ ಬಂದೆ, ಅಡುಗೆಮನೇಲಿ ಬಿದ್ದಿದ್ಲು, ಕೈ ತಣ್ಣಗಾಗಿತ್ತು, ಉಸಿರಿರ್ಲಿಲ್ಲ. ಫೋನು ಅವಳ ಕೈಯಲ್ಲೇ ಇತ್ತು, ಅದ್ರಲ್ಲೇ ನಿಂಗೆ ಮಾಡ್ದೆ. ಮೂರನೇದೂ ನಾನೇ, ಆಮೇಲಿನವೂ ನಾನೇ.

ನಾನೇ ಅಂದಳು. ಹಾಗಾದರೆ ನಾನು ಮರಳಿನಲ್ಲಿ ಬಿದ್ದುಕೊಂಡು ಬಂದೆ ಕಣೇ ಎಂದು ಕೂಗಿದ್ದು, ಹಾರಿದ್ದು, ಕಾಲು ಕೊಟ್ಟದ್ದು, ಮೂರು ಸ್ಕ್ರೂ, ಸಂದೇ ಇಲ್ಲ ನೋಡಿ — ಮಗಳು ಎದ್ದು ಬಂದು ನನ್ನ ತೋಳು ಹಿಡಿದಿದ್ದಾಳೆ, ಕೂತ್ಕೋ ಅಪ್ಪ, ಕೂತ್ಕೋ ಅನ್ನುತ್ತಿದ್ದಾಳೆ, ನೆಲಕ್ಕೆ ಕೂರಲು ಈ ಪಾದ ಮಡಚಬೇಕಲ್ಲ, ಮಡಚುವುದಿಲ್ಲ — ನನ್ನವಳು ಕರೆದದ್ದು ಎರಡೇ ಸಲ, ಆ ಎರಡು ಸಲವೂ ನಾನು — ಹಸಿ ನೆಲದ ಆಚೆ, ಬಾಗಿಲ ಹತ್ತಿರ, ಅದು ನಡುಗುತ್ತಿದೆ, ತಿರುಗುತ್ತಿದೆ, ಮನೆ, ನಿಲ್ಲುತ್ತಿದೆ, ಎರಡನೇ ಸಲ, ತಿರುಗುತ್ತಿದೆ, ಮನೆ, ಮನೆ, ನಾನು ಕುಕ್ಕರುಗಾಲಲ್ಲಿ ಕೂತು ಟೈಲು ತಟ್ಟುತ್ತಿದ್ದೇನೆ