ಸೆಹ್ರಿ ಉಂಡ ಪೇಷೆಂಟು

ನನ್ನ ಆಪರೇಷನ್ ಒಂದು ದಿನ ಮುಂದಕ್ಕೆ ಹೋದದ್ದು ನನ್ನ ತಪ್ಪಿನಿಂದ ಎಂದು ಗುಬ್ಬಿಯಲ್ಲಿ ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ತಪ್ಪು ನನ್ನದಲ್ಲ.

ಎಪ್ಪತ್ತೆಂಟನೇ ಇಸವಿ. ರಕ್ತ ಹೋಗಿ ಹೋಗಿ ನಿತ್ರಾಣಳಾಗಿದ್ದೆ. ಹೊಟ್ಟೆಯಲ್ಲಿ ಗಡ್ಡೆ ಇದೆ, ತೆಗೆಯಬೇಕು ಎಂದು ತುಮಕೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಡಾಕ್ಟರ್ ಅನಂತರಾಮಯ್ಯನವರು ಹೇಳಬೇಕಾದ್ದನ್ನೆಲ್ಲ ನಮ್ಮ ಯಜಮಾನರಿಗೇ ಹೇಳುತ್ತಿದ್ದರು. ಗಡ್ಡೆ ನನ್ನ ಹೊಟ್ಟೆಯಲ್ಲಿ, ಮಾತುಕತೆ ಅವರಿಬ್ಬರಲ್ಲಿ! ಯಜಮಾನರು ಖಲೀಲುಲ್ಲಾ, ಬಳೆ ಅಂಗಡಿಯವರು. ಬಳೆ ತೊಡಿಸುತ್ತಾ ಊರ ಹೆಂಗಸರ ಜೊತೆಯೆಲ್ಲ ಗಂಟೆಗಟ್ಟಲೆ ಹರಟುವ ಮನುಷ್ಯ, ನನ್ನ ಹತ್ತಿರ ಬಂದು ಹೇಳಿದ್ದು ಇಷ್ಟೇ.

"ಮುನವ್ವರಾ, ನಾಳೆ ಬೆಳಿಗ್ಗೆ ಆಪರೇಷನ್. ಖಾಲಿ ಹೊಟ್ಟೇಲಿರ್ಬೇಕಂತೆ. ರೋಜಾ ಇದ್ದಂಗೆ ಅಂದ್ಕೋ."

ರೋಜಾ ನನಗೆ ಹೇಳಿಕೊಡಬೇಕೆ? ಬುದ್ಧಿ ಬಂದಾಗಿನಿಂದ ರಂಜಾನಿನ ಉಪವಾಸ ಹಿಡಿದವಳು. ನಸುಕಿಗೆ ಎದ್ದು ಸೆಹ್ರಿ ಉಣ್ಣಬೇಕು, ಆಮೇಲೆ ಸಂಜೆಯವರೆಗೆ ಗುಟುಕು ನೀರೂ ಇಲ್ಲ. ತಂಗಿ ಹಮೀದಾ ಟಿಫಿನ್ ಕ್ಯಾರಿಯರಿನಲ್ಲಿ ತಂದಿಟ್ಟಿದ್ದ ಚಪಾತಿ, ಖೀಮಾ, ಮೇಲೊಂದಿಷ್ಟು ಹಾಲು ಶಾವಿಗೆ, ಎಲ್ಲವನ್ನೂ ಮಸೀದಿಯ ನಸುಕಿನ ಬಾಂಗಿಗೆ ಮುಂಚೆಯೇ ಮುಗಿಸಿ ಬಾಯಿ ಮುಕ್ಕಳಿಸಿ ಮಲಗಿದೆ.

ಬೆಳಿಗ್ಗೆ ನರ್ಸ್ ರೇವಮ್ಮ "ಏನಾದ್ರೂ ತಿಂದ್ರಾ?" ಎಂದು ಕೇಳಿದಾಗ ವಿವರವಾಗಿಯೇ ಹೇಳಿದೆ. ಆಕೆ ಓಡಿದಳು. ಅನಂತರಾಮಯ್ಯನವರು ಕೆಂಡವಾಗಿ ಬಂದರು.

"ಏನಮ್ಮಾ, ಏನೂ ತಿನ್ಬಾರ್ದು ಅಂತ ಹೇಳಿರ್ಲಿಲ್ವಾ?"

"ನನಗೆಲ್ಲಿ ಹೇಳಿದ್ರಿ ಡಾಕ್ಟ್ರೇ? ಇವರು ರೋಜಾ ಅಂದ್ರು. ಸೆಹ್ರಿ ಉಣ್ದೆ ಯಾವ ರೋಜಾ?"

ಪಕ್ಕದ ಹಾಸಿಗೆಯ ಕುಣಿಗಲ್ಲಿನ ಕೌಸಲ್ಯಮ್ಮ ನನ್ನ ಪರ ನಿಂತರು. "ಅವರದ್ದೇನು ತಪ್ಪು? ನಮ್ಮ ಏಕಾದಶಿಗೂ ಉಪ್ಪಿಟ್ಟು ಇರತ್ತಲ್ಲ!"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ಪ್ರಜ್ಞೆ ತಪ್ಪಿಸಿದಾಗ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಜೀವಕ್ಕೇ ಅಪಾಯ ಎಂದರು.

"ಇದನ್ನ ನಿನ್ನೆ ಹೇಳಿದ್ರೆ ಉಗುಳೂ ನುಂಗ್ತಿರ್ಲಿಲ್ಲ. ಇನ್ನೇನೇನು ಹೇಳಿದೀರಿ ಇವರಿಗೆ?"

"ಗರ್ಭಕೋಶ ತೆಗೆಯೋ ವಿಷ್ಯ ಗೊತ್ತಲ್ಲಮ್ಮ ನಿಮಗೆ?"

ಗೊತ್ತಿರಲಿಲ್ಲ. ಮೂರು ಹೆಣ್ಣುಮಕ್ಕಳನ್ನು ಹೊತ್ತ ಜಾಗ ಅದು. ಇನ್ನೊಂದು ಮಗು ಬೇಕೆಂದಲ್ಲ, ದೊಡ್ಡವಳೇ ಮದುವೆಗೆ ಬಂದಿದ್ದಳು. ಆದರೆ ನನ್ನನ್ನು ಒಂದು ಮಾತು ಕೇಳದೆ ತೆಗೆದುಬಿಡುತ್ತಿದ್ದರಲ್ಲ, ಎದ್ದ ಮೇಲೂ ನನಗೆ ತಿಳಿಯುತ್ತಿರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

"ನೀನು ಹೆದರ್ಕೋತೀಯ ಅಂತ ಹೇಳ್ಲಿಲ್ಲ ಕಣೇ," ಎಂದು ಯಜಮಾನರು ಬಾಗಿಲಲ್ಲೇ ನಿಂತು ತೊದಲಿದರು.

"ಹೆದರ್ಕೊಂಡಿದ್ದು ನೀವು," ಎಂದೆ. ಅವರ ಕಣ್ಣಲ್ಲಿ ನೀರಿತ್ತು. ನನಗೆ ಆಗ ಕರುಣೆ ಬರಲಿಲ್ಲ.

ಆ ದಿನವೆಲ್ಲ ನಾನು ಕೇಳಿದ್ದೇ ಕೇಳಿದ್ದು. ಗಡ್ಡೆ ಮಾತ್ರ ತೆಗೆದರೆ ಆಗದೆ? ಆಗುತ್ತದೆ, ಆದರೆ ಮತ್ತೆ ಬೆಳೆಯಬಹುದು, ರಕ್ತ ಹೋಗುವುದು ನಿಲ್ಲದೆಯೂ ಇರಬಹುದು. ಎಲ್ಲಿ ಕೊಯ್ಯುತ್ತೀರಿ? ನೀರಿನ ಕೊಡ ಯಾವಾಗ ಎತ್ತಬಹುದು? ಡಾಕ್ಟರು ರೌಂಡ್ಸಿಗೆ ಬಂದಾಗಲೆಲ್ಲ ಸ್ಟೂಲಿನ ಮೇಲೆ ಕೂತು ಉತ್ತರ ಕೊಟ್ಟರು. ಕೌಸಲ್ಯಮ್ಮನೂ ತಮ್ಮ ಪಾಲಿನ ಪ್ರಶ್ನೆಗಳನ್ನು ಅದರಲ್ಲೇ ಸೇರಿಸಿ ಕೇಳಿಕೊಂಡರು.

ಮರುದಿನ ನಿಜವಾಗಿ ಖಾಲಿಯಾಗಿದ್ದ ಹೊಟ್ಟೆಯಲ್ಲಿ ನನ್ನನ್ನು ತಳ್ಳಿಕೊಂಡು ಹೋದರು. ಥಿಯೇಟರಿನ ಬಾಗಿಲಲ್ಲಿ ಡಾಕ್ಟರು ಅಭ್ಯಾಸಬಲದಿಂದ ಯಜಮಾನರ ಕಡೆಗೇ ತಿರುಗಿದರು.

"ಏನ್ ಖಲೀಲುಲ್ಲಾ, ತೆಗೆದುಬಿಡೋದು ತಾನೆ?"

"ನನ್ನ ಕೇಳ್ಬೇಡಿ ಡಾಕ್ಟ್ರೇ. ಅವಳನ್ನ ಕೇಳಿ."

ಡಾಕ್ಟರು ಬಾಗಿ ನನ್ನನ್ನು ಕೇಳಿದರು. ಉತ್ತರ ಹಿಂದಿನ ಸಂಜೆಯೇ ಸಿದ್ಧವಿತ್ತು. ಆದರೂ ಎಲ್ಲರೂ ಒಂದಿಷ್ಟು ಕಾಯಲಿ ಎಂದು ಸುಮ್ಮನೆ ಮಲಗಿದ್ದೆ. ಆಮೇಲೆ "ತೆಗೀರಿ" ಎಂದೆ.