ಒಂಬತ್ತು ಪಾಲಿನ ಗುಂಡಿಗೆ

ಕುರಿಮರಿಯ ಗುಂಡಿಗೆ ಒಂಬತ್ತು ತುಂಡಾಗಿ, ಮಾಂಸದ ಒಂಬತ್ತು ಗುಡ್ಡೆಗೂ ಹಂಚಿಹೋದ ಮೇಲೆ ಕೆಂಪಸಿದ್ದಯ್ಯನಿಗೆ ಮಗಳಿಗೆ ಕೊಟ್ಟ ಮಾತು ನೆನಪಾಯಿತು. ತಲೆಯೆತ್ತಿದರೆ ನೋಟ್‌ಬುಕ್ಕು ಹಿಡಿದು ಶಶಿರೇಖಾ ಹೊಂಗೆ ಮರದ ಕೆಳಗೆ ನಿಂತಿದ್ದಾಳೆ. ತಾರ್ಪಾಲಿನ ಮೇಲೆ ಒಂದು ಗುಡ್ಡೆಯೂ ಉಳಿದಿರಲಿಲ್ಲ.

"ಆಗೋಯ್ತಾ ಅಪ್ಪ?"

ಬೆಳಕವಾಡಿಯ ಆ ಬೀದಿಯಲ್ಲಿ ತಿಂಗಳಿಗೊಂದು ಭಾನುವಾರ ಒಂಬತ್ತು ಮನೆಯವರು ಸೇರಿ ಒಂದು ಮರಿ ತಂದು ಗುಡ್ಡೆ ಹಾಕಿಕೊಳ್ಳುತ್ತಾರೆ. ಒಬ್ಬರು ಬೆನ್ನು ತಿರುಗಿಸಿ ನಿಂತು ಮನೆಗಳ ಹೆಸರು ಕೂಗುತ್ತಾರೆ, ಯಾರಿಗೆ ಯಾವ ಗುಡ್ಡೆ ಬಂತೋ ಅದೇ. ಈಲಿಯೆನ್ನುವ ಲಿವರು, ಗುಂಡಿಗೆ ಎಲ್ಲದರಲ್ಲೂ ಎಲ್ಲರಿಗೂ ಒಂದೊಂದು ಚೂರು ಸೇರಲೇಬೇಕು. ಮೂವತ್ತು ವರ್ಷದಿಂದ ಕೊಯ್ದು ಹಂಚುವವನು ಕೆಂಪಸಿದ್ದಯ್ಯನೇ, ಅವನು ಹಾಕಿದ ಗುಡ್ಡೆಯಲ್ಲಿ ಹೆಚ್ಚುಕಮ್ಮಿ ಹುಡುಕಲು ಹೋದವರೇ ಸೋತಿದ್ದಾರೆ. ಅಂಥ ಕೈ ಈವತ್ತು ಕೈಕೊಟ್ಟಿತು. ಯಾರೋ ನಾಲೆ ನೀರಿನ ಮಾತು ತೆಗೆದರು, ಬಾಯಿ ಅದರ ಹಿಂದೆ ಹೋಯಿತು, ಕೈ ತನ್ನ ಪಾಡಿಗೆ ತಾನು ಕೊಯ್ದು ಮುಗಿಸಿತ್ತು.

ಶಶಿರೇಖಾ ಮಂಡ್ಯದಲ್ಲಿ ಡಾಕ್ಟರಿಕೆ ಓದುತ್ತಿದ್ದಳು, ಮೊದಲ ವರ್ಷ. ಬಾಯಿಮಾತಿನ ಪರೀಕ್ಷೆಯಲ್ಲಿ ಎದೆಗೂಡಿನ ನಡುಭಾಗ ಕೇಳಿದ್ದರು: ಎರಡು ಶ್ವಾಸಕೋಶದ ನಡುವೆ ಏನೇನಿದೆ, ಯಾವುದರ ಹಿಂದೆ ಯಾವುದು? ಓದಿದ್ದೆಲ್ಲ ಹಿಂದುಮುಂದಾಗಿ, ಅರ್ಧಕ್ಕೇ ನಿಂತು ಫೇಲಾಗಿ ಬಂದಿದ್ದಳು. ನಾಳೆ ಮತ್ತೆ ಪರೀಕ್ಷೆ. ಇದೂ ಹೋದರೆ ಜೊತೆಯವರೆಲ್ಲ ಮುಂದೆ, ಇವಳೊಬ್ಬಳು ಹಿಂದೆ.

"ಕಾಲೇಜಲ್ಲಿ ಕೊಯ್ಯಾಕೆ ಕೊಡೋ ಬಾಡಿ ಔಷಧೀಲಿ ನೆಂದು ಎಲ್ಲಾ ಒಂದೇ ಬಣ್ಣ ಕಣಪ್ಪ. ಯಾವ್ದು ಎಲ್ಲೈತೆ ಅಂತ್ಲೇ ತಿಳಿಯಾಕಿಲ್ಲ," ಅಂದಿದ್ದಳು ನಿನ್ನೆ. "ಅಷ್ಟೇ ತಾನೆ? ನಾಳೀಕೆ ಮರೀದು ಗುಂಡಿಗೇನ ಇಡಿಯಾಗಿ ತಗ್ದು ತೋರುಸ್ತೀನಿ ಬುಡವ್ವ," ಅಂದವನು ಇವನೇ.

"ಓಗ್ಲಿ ಬುಡಪ್ಪ, ಪುಸ್ತಕದಲ್ಲಿ ಚಿತ್ರ ಐತಲ್ಲ," ಎಂದು ಈಗ ಅವಳು ನಗಲು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಆ ನಗು ತಡೆಯಲಾಗಲಿಲ್ಲ. ಒಂದು ಬಾಳೆ ಎಲೆ ಕಿತ್ತುಕೊಂಡು ಹೊರಟ.

ಹಂಚಿದ ಪಾಲನ್ನು ಹಿಂದಕ್ಕೆ ಕೇಳುವುದೆಂದರೆ ಹಂಚಿದವನಿಗೆ ತಲೆಯೆತ್ತಲಾಗದ ಕೆಲಸ. ತನ್ನ ಮನೆ ಬಿಟ್ಟು ಎಂಟು ಬಾಗಿಲು. ಮೊದಲನೆಯ ಬಾಗಿಲಲ್ಲೇ ಸಿಕ್ಕಿದ ಶಿವರಾಮು, ಕೈಯಲ್ಲಿನ ಖಾಲಿ ಎಲೆ ನೋಡಿ ಪಾಲು ತಪ್ಪಿದೆ ಅಂದುಕೊಂಡ.

"ಏನ್ಲಾ ಸಿದ್ದ, ನಿನ್ ಕೈಯೂ ತಪ್ತೇನ್ಲಾ?"

"ತಪ್ತು ಕಣ್ಲಾ. ಗುಂಡಿಗೆ ಚೂರು ಕೊಡು, ಆಮ್ಯಾಕೆ ತಂದ್ಕೊಡ್ತೀನಿ. ನಮ್ ಮಗೀಗೆ ನಾಳೆ ಪರೀಕ್ಸೆ."

ಶಿವರಾಮು ಮತ್ತೆ ತಮಾಷೆ ಮಾಡಲಿಲ್ಲ, ಚೂರು ತಂದುಕೊಟ್ಟು ತಾನೂ ಹಿಂದೆಯೇ ಬಂದ. ಕೊನೆಯ ಮನೆಯ ಬೆಳ್ಳಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ಅರಿಸಿನ ಆಕಿ ಕಲಸ್ಬುಟ್ನಲ್ಲಣ್ಣ!"

"ನಮ್ ಡಾಕ್ಟ್ರು ಅದುಕ್ಕೆಲ್ಲ ಬೈಯಾಕಿಲ್ಲ, ಕೊಡವ್ವ."

ಶ್ವಾಸಕೋಶ, ಕೊಳವೆಗಳನ್ನು ಆ ಬೀದಿಯಲ್ಲಿ ಯಾರೂ ತಿನ್ನುವುದಿಲ್ಲವಾದ್ದರಿಂದ ಅವು ಬಕೆಟ್ಟಿನಲ್ಲಿ ಹಾಗೇ ಇದ್ದವು. ಹೆಂಡತಿ ಮಂಚಮ್ಮ ಪೊರಕೆಯಿಂದ ಕಡ್ಡಿ ಮುರಿದು ತೊಳೆದುಕೊಟ್ಟಳು. ಶಶಿರೇಖಾ ಒಂಬತ್ತು ಚೂರನ್ನು ಕಡ್ಡಿಯಿಂದ ಚುಚ್ಚಿ ಚುಚ್ಚಿ ಸೇರಿಸಿದಳು. ಬೆಳ್ಳಮ್ಮನ ಹಳದಿ ಚೂರು ತುದಿಗೆ ಬಂತು. ಎಡಕ್ಕೊಂದು ಬಲಕ್ಕೊಂದು ಶ್ವಾಸಕೋಶ, ನಡುವೆ ಗುಂಡಿಗೆ. ಆಮೇಲೆ ಎರಡು ಕೊಳವೆಗಳನ್ನು ಕೈಯಲ್ಲಿ ಹಿಡಿದು ತಡವರಿಸಿದಳು.

"ಇದ್ನೇ ಕೇಳಿದ್ದು ಕಣಪ್ಪ ಅವತ್ತು."

ಕೆಂಪಸಿದ್ದಯ್ಯ ಕಣ್ಣು ಮುಚ್ಚಿ ಗಾಳಿಯಲ್ಲೇ ಕತ್ತಿ ಆಡಿಸಿದ. "ಕತ್ತಿಗೆ ಮೊದ್ಲು ಸಿಗೋದು ಉಸ್ರು ಕೊಳ್ವೆ. ಕರಕರ ಅಂತದೆ. ಅನ್ನದ್ದು ಅದ್ರ ಇಂದೆ, ಮೆತ್ತುಗೆ, ಬೆನ್ ಮೂಳೆ ಕಡೀಕಿರ್ತದೆ."

ಅವಳು ಅವನನ್ನೇ ನೋಡಿದಳು. ಆಮೇಲೆ ಎದ್ದು, "ನೆಟ್ಟುಗೆ ನಿಂತ್ಕೊ ಅಪ್ಪ," ಎಂದಳು.

ಕೈಯ ರಕ್ತ ಮಗಳಿಗೆ ತಗುಲದಂತೆ ಅವನು ಎರಡೂ ತೋಳು ದೂರ ಹಿಡಿದು ನಿಂತ. ಅವಳ ಬೆರಳು ಬನಿಯನ್ನಿನ ಮೇಲೆ ಕತ್ತಿನ ಬುಡದಿಂದ ಇಳಿಯುತ್ತ ಬಂತು. ಉಸಿರಿನ ಕೊಳವೆ, ಅದರ ಹಿಂದೆ ಅನ್ನದ ಕೊಳವೆ, ಅದರ ಹಿಂದೆ ಬೆನ್ನುಮೂಳೆ. ಗುಂಡಿಗೆಯಿಂದ ಮೇಲೆದ್ದು ಕೊಡೆಯ ಹಿಡಿಯ ಹಾಗೆ ಬಾಗಿ ಕೆಳಗಿಳಿಯುವ ದೊಡ್ಡ ರಕ್ತನಾಳ. ಎಲ್ಲೂ ತಡೆಯದೆ ಹೇಳುತ್ತ ಹೋದಳು. ಅರ್ಥವಾಗದಿದ್ದರೂ ಶಿವರಾಮು ತಲೆದೂಗಿದ. ಕಡೆಗೆ ಅಂಗೈ ಬಂದು ಎದೆಯ ಎಡಕ್ಕೆ ನಿಂತಿತು.

"ಯಾಕಪ್ಪ ಇಂಗ್ ಡವಡವ ಒಡ್ಕತೈತೆ?"

"ನಂಗೇನವ್ವ ಗೊತ್ತು? ಡಾಕ್ಟ್ರು ನೀನು."

ಮಧ್ಯಾಹ್ನದ ಹೊತ್ತಿಗೆ ಅವನು ಚೂರುಗಳನ್ನು ತೊಳೆದು ಮನೆಮನೆಗೆ ತಿರುಗಿಸಿ ಕೊಟ್ಟ. ಬೆಳ್ಳಮ್ಮ ಹಳದಿ ಚೂರು ಇಸಿದುಕೊಳ್ಳುತ್ತ, "ಬನೀನೆಲ್ಲ ಅರಿಸಿನ ಆಗೈತಲ್ಲಣ್ಣ, ಬಿಚ್ಕೊಡು, ಒಗೆಯೋ ಬಟ್ಟೆ ಜೊತ್ಗೆ ಆಕ್ತೀನಿ," ಎಂದಳು.

ಕೆಂಪಸಿದ್ದಯ್ಯ ಬಗ್ಗಿ ನೋಡಿಕೊಂಡ. ಎದೆಯ ಎಡಕ್ಕೆ ಮಗಳ ಐದು ಬೆರಳೂ ಮೂಡಿದ್ದವು. ಹೆಗಲ ಮೇಲಿನ ಟವೆಲ್ಲನ್ನು ಅದರ ಮೇಲೆ ಎಳೆದುಕೊಂಡು ಮನೆಯ ಕಡೆ ನಡೆದ.