ನಾಲ್ಕನೇ ಮಹಡಿಯ ಉಳಿತಾಯ

“ಫೈನಾನ್ಸ್ ಇಂಟರ್ನ್‌ಶಿಪ್ಪಾ? ನಿನ್ ಮಗಳಿಗಾ? ನೆಲ ಒರೆಸೋಳಿಗೆ ಎಂಥೆಂಥ ಆಸೆ ನೋಡ್ರಪ್ಪಾ!”

ಬೆಣ್ಣೆ ಸಾಹೇಬ ಕುರ್ಚಿಯಲ್ಲಿ ಕೂತೇ ಎರಡೂ ಕಾಲು ಎತ್ತಿ ಹಿಡಿದಿದ್ದ. ಅವನ ಬೂಟಿನ ಕೆಳಗೆ ಮೇಸ್ತ್ರಿ ಬಾಗಿ ನೆಲ ಒರೆಸುತ್ತಿದ್ದಳು. ಅಕ್ಕಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಕಿಟಕಿಯ ಗಾಜು ತಿಕ್ಕುತ್ತಿದ್ದ ನಾನು ಕಿವುಡಿಯ ಹಾಗೆ ತಿಕ್ಕುತ್ತಲೇ ಇದ್ದೆ. ನಾವು ಇರುವಾಗಲೇ ಇವರು ಎಲ್ಲವನ್ನೂ ಮಾತಾಡುತ್ತಾರೆ. ಬಕೆಟ್ಟಿಗೂ ಕಿವಿಯಿಲ್ಲ, ನಮಗೂ ಇಲ್ಲ.

“ಮೊದಲ ವರ್ಷದೋರನ್ನ ಯಾರೂ ತಗೊಳಲ್ಲ ಕಣಮ್ಮ. ಹೋಗ್ಲಿ, ಕಳಿಸು. ನಂಗೂ ಕರುಳಿದೆ,” ಎಂದ ಸಾಹೇಬ.

ಅವನಿಗೆ ಬೆಣ್ಣೆ ಎಂದು ಹೆಸರಿಟ್ಟವಳು ನಾನೇ. ಬೈಯುವಾಗಲೂ ಬೆಣ್ಣೆ ಹಚ್ಚಿಯೇ ಬೈಯುತ್ತಾನೆ. ಇನ್ನು ಮೇಸ್ತ್ರಿ ಎಂದರೆ ನಮ್ಮ ಆರು ಜನರಿಗೆ ಹಿರಿಯಳು, ಅಷ್ಟೇ. ಆರು ಮಹಡಿಯ ಈ ಫೈನಾನ್ಸ್ ಕಚೇರಿಯಲ್ಲಿ ಎಲ್ಲರದೂ ಅದೇ ಪೊರಕೆ, ಅದೇ ಸಂಬಳ. ಅವಳ ಮಗಳು ಪುಟ್ಟಿ ಕಾಲೇಜು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಬೇಸಿಗೆ ರಜೆಯಲ್ಲಿ ಯಾವುದಾದರೂ ಹಣಕಾಸಿನ ಕಂಪನಿಯಲ್ಲಿ ಕೆಲಸ ಕಲಿಯದಿದ್ದರೆ ಮುಂದೆ ಯಾರೂ ಮೂಸಿ ನೋಡುವುದಿಲ್ಲವಂತೆ. ಹುಡುಗಿ ಅರ್ಜಿ ಹಾಕದ ಬ್ಯಾಂಕಿಲ್ಲ. ಉತ್ತರ ಕೊಟ್ಟ ಒಬ್ಬನೇ ಪುಣ್ಯಾತ್ಮ, “ಈ ಮೊದಲು ಎಲ್ಲಿ ಮಾಡಿದ್ದೀರಿ?” ಎಂದು ಕೇಳಿದ್ದ. ಮೊದಲ ಸಲ ಬಾಗಿಲು ತಟ್ಟುವವಳಿಗೆ ಈ ಮೊದಲು ಎಲ್ಲಿಂದ ಬರಬೇಕು? ಅವಳ ಜೊತೆಯವರಿಗೆಲ್ಲ ಅಪ್ಪಂದಿರ ಒಂದೊಂದು ಫೋನಿನಲ್ಲೇ ಸಿಕ್ಕಿತ್ತು. ಪುಟ್ಟಿಯ ಕಡೆಯಿಂದ ಫೋನು ಮಾಡುವವರು ಯಾರೂ ಇರಲಿಲ್ಲ, ಅದಕ್ಕೇ ಅವಳಮ್ಮ ನೆಲ ಒರೆಸುತ್ತಲೇ ಕೇಳಿದ್ದಳು.

ಪುಟ್ಟಿ ಕೆಲಸಕ್ಕೆ ಬಂದ ದಿನ ಮೆಟ್ಟಿಲ ಕೆಳಗಿನ ನಮ್ಮ ಗೂಡಿನಲ್ಲಿ ಸಡಗರವೋ ಸಡಗರ. ಬಕೆಟ್ ಬೋರಲು ಹಾಕಿದರೆ ಅದೇ ನಮ್ಮ ಕುರ್ಚಿ, ಒಬ್ಬೊಬ್ಬರಿಗೂ ಅವರವರದೇ. ನಮ್ಮಲ್ಲೊಬ್ಬಳಾದ ಕೆಮ್ಮಕ್ಕ ತನ್ನ ಬಕೆಟ್ಟಿನ ಮೇಲೆ ಕೂತು ಪುಟ್ಟಿಯ ಅಂಗಿಗೆ ಕಿತ್ತುಹೋದ ಗುಂಡಿ ಹೊಲಿದಳು. “ಮ್ಯಾನೇಜರ್ ಆದ್ಮೇಲೆ ನನ್ನ ಮರೀಬೇಡ ಕಣೇ,” ಎಂದಳು. ಅಷ್ಟಕ್ಕೇ ಏದುಸಿರು ಬಂತು.

ಕಕ್ಕಸು ತೊಳೆಯುವ ಆಸಿಡ್ಡಿನ ಹೊಗೆ ಕುಡಿದೂ ಕುಡಿದೂ ಅವಳ ಎದೆ ಜಾಳಾಗಿತ್ತು. ನಾಲ್ಕನೇ ಮಹಡಿ ಅವಳ ಪಾಲಿನದು. ಬೆಳಿಗ್ಗೆ ಬಂದು ಹಾಜರಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ ಗೂಡಿನಲ್ಲಿ ಕೂರುತ್ತಿದ್ದಳು. ಅವಳ ಮಹಡಿಯನ್ನು ನಾವು ಐವರು ಹಂಚಿಕೊಂಡು ಮುಗಿಸುತ್ತಿದ್ದೆವು. ಆ ಸಂಬಳದಲ್ಲೇ ಅವಳ ಔಷಧಿ ನಡೆಯುತ್ತಿತ್ತು. ಇದು ಮೇಲಿನವರಿಗೆ ಗೊತ್ತಿರಲಿಲ್ಲ. ಇದೇ ಗೂಡಿನಲ್ಲಿ ಪಾಠ ಓದಿ ಬೆಳೆದ ಪುಟ್ಟಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಸಾಹೇಬನ ಮೇಜಿನ ಪಕ್ಕದ ಕಸದ ಬುಟ್ಟಿ ಖಾಲಿ ಮಾಡಲು ಹೋಗಿದ್ದೆ. ಅವನು ತಾನೇ ಚಹಾ ಬಗ್ಗಿಸಿ ಪುಟ್ಟಿಯ ಮುಂದಿಟ್ಟ.

“ನಿನ್ಗೊಂದು ಪ್ರಾಜೆಕ್ಟು. ಸ್ವಚ್ಛತೆ ಕೆಲಸ ಹೇಗೆ ನಡೆಯುತ್ತೆ ಅಂತ ಬರಿ. ನಿಮ್ಮಮ್ಮನವರ ಬೆಲೆ ಮೇಲಿನವರಿಗೂ ಗೊತ್ತಾಗ್ಲಿ.”

ಹುಡುಗಿ ಉಬ್ಬಿಹೋದಳು. “ಅವರ ಒಗ್ಗಟ್ಟು ನೀವು ನೋಡ್ಬೇಕು ಸಾರ್! ಒಬ್ಬರಿಗೆ ಹುಷಾರಿಲ್ಲ ಅಂದ್ರೆ ಐದೇ ಜನ ಆರೂ ಮಹಡಿ ಮುಗಿಸ್ತಾರೆ. ಒಂದು ಕಲೆ ಇರಲ್ಲ.”

“ಹೌದಾ? ಯಾರಿಗೆ ಹುಷಾರಿಲ್ಲ?”

ನಾನು ಕಣ್ಣಲ್ಲೇ ಬೇಡ ಎಂದೆ. ಅವಳು ನನ್ನನ್ನು ನೋಡಿ ಮುಖ ಅರಳಿಸಿ ನಕ್ಕಳು. ಆಮೇಲೆ ಎಲ್ಲವನ್ನೂ ಹೇಳಿದಳು.

ಮುಂದಿನ ಸೋಮವಾರ ಕೆಮ್ಮಕ್ಕ ಹೆಬ್ಬೆಟ್ಟು ಒತ್ತಿದಾಗ ಯಂತ್ರ ಕೆಂಪು ದೀಪ ತೋರಿಸಿತು. ಬೆರಳು ಒದ್ದೆಯಿರಬಹುದೆಂದು ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಎಂಜಲು ಹಚ್ಚಿ ಉಜ್ಜಿ ಮತ್ತೆ ಒತ್ತಿದಳು. ಕೊನೆಗೆ ಕಾವಲಿನವನು ನೆಲ ನೋಡುತ್ತ, “ಬಿಡಕ್ಕ, ನಿನ್ ಹೆಸರು ತೆಗ್ದವ್ರೆ. ಐದೇ ಜನ ಸಾಕಂತೆ,” ಎಂದ.

ಪುಟ್ಟಿ ಮೇಲಕ್ಕೆ ಓಡಿದಳು. ನಾನೂ ಹಿಂದೆ ಹೋದೆ.

“ನೀವು ಬೆಲೆ ಗೊತ್ತಾಗ್ಲಿ ಅಂದ್ರಿ ಸಾರ್!”

“ಗೊತ್ತಾಯ್ತಲ್ಲ ಪುಟ್ಟಾ? ಫೈನಾನ್ಸ್ ಅಂದ್ರೆ ಇದೇ. ಅಳಬಾರದು. ನಿನ್ನ ಸರ್ಟಿಫಿಕೇಟಲ್ಲಿ ಅತ್ಯುತ್ತಮ ಅಂತ ನಾನೇ ಬರೀತೀನಿ.”

ಗೂಡಿನಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. “ಆ ಬೋಳಿಮಗನ ಬುದ್ಧಿನೇ ಅಷ್ಟು, ಬಿಡು. ನಮ್ ಡಬ್ಬಿ ಅನ್ನ ತಿಂದು ಬೆಳೆದ ಮುಂಡೇದೇ, ನಿಂಗೇನಾಗಿತ್ತೇ ರೋಗ?” ಸಾಹೇಬನಿಂದ ನಾವು ಏನನ್ನೂ ಬಯಸಿದವರಲ್ಲ. ಇವಳನ್ನು ಮಾತ್ರ ನಾವು ಆರೂ ಜನ ಎತ್ತಿ ಆಡಿಸಿದ್ದೆವು. ಪುಟ್ಟಿ ಅಳುತ್ತ, “ಒಳ್ಳೇದಾಗುತ್ತೆ ಅಂತ ಹೇಳ್ದೆ ಚಿಕ್ಕಮ್ಮ,” ಎಂದಳು. ಮೇಸ್ತ್ರಿ ಮಗಳ ಮುಖ ನೋಡಲಿಲ್ಲ. ನಮ್ಮ ಕಡೆ ತಿರುಗಿ, “ಇವತ್ತಿಂದ ಅವರವರ ಮಹಡಿ ಅವರವರು ಮಾಡ್ಕೊಳಿ. ನಾಲ್ಕನೇದಕ್ಕೆ ಯಾರೂ ಕಾಲಿಡಕೂಡದು,” ಎಂದಳು.

ವಾರ ಮುಗಿಯುವಷ್ಟರಲ್ಲಿ ನಾಲ್ಕನೇ ಮಹಡಿ ನಾರತೊಡಗಿತು. ಅದೇ ಹೊತ್ತಿಗೆ ಕಂಪನಿಗೆ ಬಂಡವಾಳ ಹಾಕುವ ದೊಡ್ಡವರು ಬರುವವರಿದ್ದರು. ಅವರು ಬರುವ ದಿನ ಬೆಳಿಗ್ಗೆ ಸಾಹೇಬ ಮೂಗಿಗೆ ಕರ್ಚೀಫು ಒತ್ತಿಕೊಂಡು ಗೂಡಿಗೇ ಇಳಿದು ಬಂದ.

“ಮೇಲೊಂದ್ಸಲ ಹೋಗಿ ಬಾ ತಾಯಿ.”

“ನಂದು ಎರಡನೇ ಮಹಡಿ ಸಾರ್,” ಎಂದಳು ಮೇಸ್ತ್ರಿ.

ಅವನು ತನ್ನ ಹಿಂದೆ ನಿಂತಿದ್ದ ಪುಟ್ಟಿಯತ್ತ ತಿರುಗಿದ. “ಹಾಗಾದ್ರೆ ನೀನೇ ತೊಳಿ. ಬ್ರಷ್ ಹಿಡಿಯೋದನ್ನೂ ನಾನೇ ಕಲಿಸ್ಬೇಕಾ? ರಕ್ತದಲ್ಲೇ ಬಂದಿರುತ್ತಲ್ಲ.”

ಪುಟ್ಟಿ ಕೆಮ್ಮಕ್ಕನ ಬ್ರಷ್ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಥೂ ಎಂದು ಉಗಿದೆ. ಸರ್ಟಿಫಿಕೇಟಿಗಾಗಿ ಅದನ್ನೂ ಮಾಡುತ್ತಾಳಲ್ಲ ಎಂದು ನೋಡಲಾಗದೆ, ನೋಡದೇ ಇರಲೂ ಆಗದೆ ಹಿಂದೆಯೇ ಹೋದೆ.

ಅವಳು ಕಕ್ಕಸಿನ ಬಾಗಿಲಲ್ಲಿ ಬ್ರಷ್ ಹಿಡಿದು ಸುಮ್ಮನೆ ನಿಂತಿದ್ದಳು. ಲಿಫ್ಟು ತೆರೆಯಿತು. ಸಾಹೇಬ ಹಲ್ಲು ಕಿರಿಯುತ್ತ ದೊಡ್ಡವರನ್ನು ಕರೆತಂದ. ಬ್ರಷ್ ನೋಡಿ ತೊಳೆದಾಯಿತೆಂದೇ ಅಂದುಕೊಂಡಿರಬೇಕು.

“ನಮ್ಮ ಇಂಟರ್ನ್ ಸಾರ್. ಕೆಲಸದವಳ ಮಗಳು, ನಾವೇ ತಯಾರು ಮಾಡ್ತಿದೀವಿ. ಈ ವರ್ಷದ ಉಳಿತಾಯ ಇವಳೇ ತೋರಿಸ್ತಾಳೆ.”

“ಬನ್ನಿ ಸಾರ್, ಇಲ್ಲಿದೆ,” ಎಂದು ಪುಟ್ಟಿ ಬಾಗಿಲನ್ನು ಗೋಡೆಗೆ ತಾಗುವ ತನಕ ತೆರೆದಳು.

ನಾತ ರಪ್ಪನೆ ಹೊಡೆಯಿತು. ದೊಡ್ಡವರು ಮೂಗು ಮುಚ್ಚಿ ಲಿಫ್ಟಿನತ್ತ ಹಿಂದೆ ಸರಿದರು. ಪುಟ್ಟಿ ಕೊರಳಿನ ಗುರುತಿನ ಚೀಟಿ ಕಿತ್ತು ಒಳಗೆ, ಕಟ್ಟಿ ತುಂಬಿನಿಂತಿದ್ದ ಕಕ್ಕಸಿಗೆ ಎಸೆದಳು.

“ಮುಚ್ಚೇ ಬಾಗ್ಲು, ಸೂಳೆಮಗಳೆ!” ಎಂದು ಸಾಹೇಬ ಕಿರುಚಿದ. ಅವನ ಮಾತಿನಲ್ಲಿ ಬೆಣ್ಣೆ ಇಲ್ಲದ್ದು ಅದೇ ಮೊದಲು.

ಅವಳು ಮುಚ್ಚಲಿಲ್ಲ. ಬ್ರಷ್ ಹಿಡಿದೇ ಕೆಳಗೆ ಇಳಿದು ಬಂದಳು.

ಊಟದ ಹೊತ್ತು. ಡಬ್ಬಿ ಬಿಚ್ಚಿದ್ದೆವು. ಮೇಲೆ ಆದದ್ದನ್ನು ನಾನು ಅವಳಿಗಿಂತ ಮೊದಲೇ ಓಡಿ ಬಂದು ಹೇಳಿದ್ದೆ. ಪುಟ್ಟಿ ಕೂರಲು ಜಾಗ ಹುಡುಕಿದಳು. ಐದು ಬಕೆಟ್ಟಿನ ಮೇಲೆ ನಾವು ಐವರಿದ್ದೆವು. ಗೋಡೆಯ ಪಕ್ಕ ಆರನೆಯದು ಬೋರಲು ಹಾಕಿದ್ದು ಹಾಗೇ ಇತ್ತು. ಅವಳು ಅದರ ಮೇಲೆ ಕೂರಲು ಬಾಗಿದಳು.

“ಅದು ಅವಳದು,” ಎಂದಳು ಮೇಸ್ತ್ರಿ, ಡಬ್ಬಿಯಿಂದ ತಲೆ ಎತ್ತದೆ.

ಪುಟ್ಟಿ ನಿಂತೇ ಇದ್ದಳು. ನಾವು ಉಣ್ಣುತ್ತಿದ್ದೆವು.